ಕಡ್ಡಿ ಸೋಪು

“ಕೋಟು ಬಿಚ್ಚೇ, ಕಳ್ಳಮುಂಡೆ! ಈ ವಯಸ್ಸಲ್ಲಿ ಹೊಟ್ಟೆ ಮುಂದೆ ಬಂದಿದೆಯಲ್ಲ, ಯಾರದೇ ಬಸಿರು?”

ಕಾರ್ಖಾನೆಯ ಗೇಟಿನಲ್ಲಿ ಮೇಸ್ತ್ರಿ ಕೂಗುತ್ತಿದ್ದ. ಅವನೆದುರು ನಿಂತಿದ್ದವಳು ನನ್ನ ಅತ್ತಿಗೆ, ಸತ್ತ ಅಣ್ಣನ ಹೆಂಡತಿ. ಪಾಳಿ ಮುಗಿಸಿದ ನಲವತ್ತು ಹೆಂಗಸರು ಹಿಂದೆ ಸಾಲುಗಟ್ಟಿದ್ದೆವು. ಅತ್ತಿಗೆ ಕೆಲಸದ ಕೋಟಿನ ಗುಂಡಿ ಬಿಚ್ಚಿದಳು. ಒಂದು ಕಂತೆ ಪುದೀನ ಕಡ್ಡಿ ನೆಲಕ್ಕೆ ಬಿತ್ತು.

“ಎಸೆಯೋ ಕಡ್ಡಿ ಕಣಪ್ಪಾ. ಹೊಂಡದಲ್ಲಿ ಕೊಳೆಯೋದು.”

“ಆ ಹೊಂಡಾನೂ ಯಜಮಾನ್ರದ್ದೇ ಕಣೇ. ಒಳಗಿನ ಅಂಗೀನೂ ತೆಗಿ, ಇನ್ನೇನಿದೆ ನೋಡೋಣ.”

ತೆಗೆದಳು. ಯಾರೋ ಕಿಸಕ್ಕೆಂದರು. ನಾನು ನೆಲ ನೋಡುತ್ತ ನಿಂತೆ. ಅವಳು ಕಡ್ಡಿ ಒಯ್ಯುವುದನ್ನು ಮೇಸ್ತ್ರಿಗೆ ಹೇಳಿದ್ದವಳು ನಾನೇ.

ನಮ್ಮ ಶೆಡ್ಡಿನಲ್ಲಿ ಪುದೀನ ಸೊಪ್ಪು ಬಿಡಿಸಿ, ಎಲೆ ಒಣಗಿಸಿ ಶೀಷೆಗೆ ತುಂಬುತ್ತಿದ್ದೆವು. ದಿನವಿಡೀ ನಿಂತೇ ಮಾಡುವ ಕೆಲಸ. ಬೆರಳುಗಳು ಕಪ್ಪಾಗಿ, ಬಿರಿದು, ಉರಿಯುತ್ತಿದ್ದವು. ಅತ್ತಿಗೆ ಕಡ್ಡಿಗಳನ್ನು ಮನೆಗೊಯ್ದು, ಪಾತ್ರೆಗೆ ಮುಚ್ಚಳ ಮುಚ್ಚಿ ಕುದಿಸಿ, ಮುಚ್ಚಳದಡಿ ಕಟ್ಟಿದ ಹನಿ ನೀರನ್ನು ಕರಗಿಸಿದ ಸೋಪಿಗೆ ಬೆರೆಸಿ, ಹಳೆ ಡಬ್ಬಿಗಳ ಮುಚ್ಚಳಕ್ಕೆ ಹೊಯ್ದು ಗಟ್ಟಿ ಮಾಡುತ್ತಿದ್ದಳು. ಅದರಲ್ಲಿ ಕೈ ತೊಳೆದರೆ ಉರಿ ತಣ್ಣಗಾಗುತ್ತಿತ್ತು. ಎಲ್ಲರಿಗೂ ಒಂದೊಂದು ಹಂಚುತ್ತಿದ್ದಳು.

ನನ್ನ ಮಂಡಿ ಊದಿಕೊಂಡಿತ್ತು. “ಕಡ್ಡಿ ಯಾರು ಕದೀತಾರೆ ಹೇಳು, ಕೂತು ಮಾಡೋ ಕೆಲಸ ಕೊಡಿಸ್ತೀನಿ,” ಎಂದಿದ್ದ ಮೇಸ್ತ್ರಿ. ಅತ್ತಿಗೆಯ ಸೋಪಿನಲ್ಲೇ ಕೈ ತೊಳೆದುಕೊಂಡು ಹೋಗಿ ಹೇಳಿದ್ದೆ.

ನನ್ನನ್ನು ಚೀಟಿ ಅಂಟಿಸುವ ಮೇಜಿಗೆ ಹಾಕಿದರು. ಅತ್ತಿಗೆಯನ್ನು ಕಕ್ಕಸು ತೊಳೆಯಲು ಹಾಕಿದರು. ಅವಳ ಕೋಟಿನ ಜೇಬಿನಲ್ಲಿ ಸಿಕ್ಕ ಸೋಪನ್ನು ಯಜಮಾನರು ಮೂಸಿ ನೋಡಿ, ಅವಳನ್ನು ಕರೆಸಿ, ಹೇಗೆ ಮಾಡಿದೆ ಎಂದು ಕೇಳಿದರಂತೆ. ಹಳೆ ಕೆಲಸ ಮತ್ತೆ ಸಿಗಬಹುದೆಂದು ಅವಳು ಒಂದನ್ನೂ ಬಿಡದೆ ಹೇಳಿಕೊಟ್ಟಳು.

ಮೂರೇ ತಿಂಗಳಲ್ಲಿ ಶೆಡ್ಡಿನ ಹಿಂದೆ ದೊಡ್ಡ ಕೊಪ್ಪರಿಗೆ ಬಂತು. ಹಸಿರು ಹೊದಿಕೆಯ ಸೋಪು ಬಂತು. ‘ನಾವು ಏನನ್ನೂ ಎಸೆಯುವುದಿಲ್ಲ’ ಎಂದು ಅಚ್ಚಾದ ಚೀಟಿಯನ್ನು ನಾನೇ ಅಂಟಿಸಿದೆ.

ಸೋಪಿನ ಬಿಡುಗಡೆಗೆ ಅಂಗಳದಲ್ಲಿ ಕುರ್ಚಿ ಹಾಕಿದರು. ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಮೇಸ್ತ್ರಿ ಅತ್ತಿಗೆಯನ್ನು ಕಕ್ಕಸಿನೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ. ನನಗೆ ಹೊಸ ಕೋಟು ತೊಡಿಸಿ, ಕೈಗೆ ಸೋಪಿನ ತಟ್ಟೆ ಕೊಟ್ಟರು.

ಕನ್ನಡಕದ ಹೆಂಗಸೊಬ್ಬರು ಸೋಪು ಮೂಸಿ ಕೇಳಿದರು: “ಎಷ್ಟು ಚೆನ್ನಾಗಿದೆ! ಯಾರಿಗೆ ಹೊಳೀತು ಇದು?”

“ನಮ್ಮ ಹುಡುಗರು ವರ್ಷಗಟ್ಟಲೆ ತಲೆ ಕೆಡಿಸ್ಕೊಂಡಿದ್ದಾರೆ, ಅಮ್ಮಾ,” ಎಂದರು ಯಜಮಾನರು.

“ಸುಳ್ಳು!” ಬಾಯಿಂದ ಬಂದೇಬಿಟ್ಟಿತು. “ಇದು ನಮ್ಮತ್ತಿಗೆ ಮಾಡಿದ್ದು, ಅಮ್ಮಾ. ಕಡ್ಡಿ ಕದ್ಲು ಅಂತ ಗೇಟಲ್ಲಿ ಬಟ್ಟೆ ಬಿಚ್ಚಿಸಿದ್ರು. ಈಗ ಕಕ್ಕಸಲ್ಲಿ ಕೂಡಿಹಾಕಿದ್ದಾರೆ. ಹಿಡಿದುಕೊಟ್ಟ ಪಾಪಿ ನಾನು.”

“ಮುಚ್ಚೇ ಬಾಯಿ, ಬೋಸುಡಿ!” ಮೇಸ್ತ್ರಿ ನನ್ನ ರಟ್ಟೆ ಹಿಡಿದೆಳೆದ. ತಟ್ಟೆ ಮಗುಚಿತು. ಕೊಸರಿಕೊಂಡು ಓಡಿ ಕಕ್ಕಸಿನ ಚಿಲಕ ತೆಗೆದೆ.

ಅತ್ತಿಗೆ ಬಕೆಟ್ಟಿನ ಪಕ್ಕ ನಿಂತಿದ್ದಳು. ತಗಡಿನ ಗೋಡೆ, ಎಲ್ಲ ಕೇಳಿಸಿತ್ತು.

“ಅತ್ತಿಗೆ, ಬಾ, ಹೋಗೋಣ.”

“ನೀನಾ ಹೇಳಿದ್ದು ಅವತ್ತು?”

“ಹೂಂ.”

ನನ್ನ ಮುಖ ನೋಡಿದಳು. “ನಲವತ್ತು ಜನಕ್ಕೆ ಗೊತ್ತಿತ್ತು, ನಾನು ಬೆತ್ತಲೆ ನಿಂತಿದ್ದು. ಇವತ್ತು ಊರಿಗೆಲ್ಲ ಹೇಳಿದೆಯಲ್ಲೇ.”



ಅತ್ತಿಗೆ ಬಗ್ಗಿ ಬಕೆಟ್ಟು ಎತ್ತಿದಳು. ಅದರಲ್ಲಿ ಕಕ್ಕಸು ತೊಳೆದ ನೀರು ತುಂಬಿತ್ತು. ಚೆಲ್ಲದಂತೆ ಹಿಡಿದು, ಕುರ್ಚಿ ಹಾಕಿದ್ದ ಕಡೆಗೆ ನಡೆದಳು. ನಾನು ಹಿಂದೆ ಓಡಿ ಬಕೆಟ್ಟಿನ ಹಿಡಿಗೆ ಕೈ ಹಾಕಿದೆ.

“ಮುಟ್ಟಬೇಡ,” ಎಂದಳು, ನನ್ನ ಕಡೆ ನೋಡದೆ.

ಅಂಗಳದಲ್ಲಿ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು.