ವಲ್ಲಿಯ ಕೆಳಗಿಟ್ಟ ಕೈ

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವವನು ಹುಚ್ಚ. ದಲಾಲ ಹೆಗಲ ಮೇಲಿನ ಬಟ್ಟೆ, ವಲ್ಲಿಯನ್ನು, ಕೈಮೇಲೆ ಹೊದಿಸಿಕೊಂಡು ಕೂರುತ್ತಾನೆ, ಕೊಳ್ಳುವವನು ಅದರ ಕೆಳಗೆ ಕೈಯಿಟ್ಟು ಬೆರಳೊತ್ತಿ ವ್ಯವಹಾರ ಮುಗಿಸುತ್ತಾನೆ. ಕೊಂಡವರು ಯಾರು, ಎಷ್ಟಕ್ಕೆ ಎಂಬುದು ದಲಾಲನೊಬ್ಬನ ಹೊಟ್ಟೆಯಲ್ಲಿರಬೇಕು. ಯುದ್ಧದ ಕಾಲಕ್ಕೆ ಊರಲ್ಲಿ ದುಡ್ಡು ಓಡಾಡಿ, ಮಧ್ಯಾಹ್ನ ಮಾಲು ಮುಗಿದ ಮೇಲೆ ಅದೇ ಕಟ್ಟೆಯ ಮೇಲೆ ಶೇರುಗಳೂ ಮಾರಾಟವಾಗತೊಡಗಿದವು. ರೂಢಿ ಮಾತ್ರ ಅರಿಶಿನದ್ದೇ.

ಈ ಕಟ್ಟೆಯನ್ನು ನಂಬಿಯೇ ವಾಸುದೇವ ಕುಪವಾಡದ ಹಾದಿಯಲ್ಲಿ ಅರಿಶಿನಕ್ಕೆ ಹೊಳಪು ಕೊಡುವ ಕಾರಖಾನೆಗೆ ಕೈಹಾಕಿದ್ದ. ಸಾಲ ಕೇಳಿದಲ್ಲೆಲ್ಲ ಅವನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ಮಾಸ್ತರರು, ಕಾರಕೂನರು, ಕವಲಾಪುರದ ರೈತರು ಶೇರು ಹಿಡಿದು ಮೊದಲ ಕಂತು ಕಟ್ಟಿದರು, ಗೋಡೆ ಎದ್ದಿತು. ಇಂಜಿನ್ನು ಮಿರಜದ ಗೂಡ್ಸ್ ಶೆಡ್ಡಿಗೆ ಬಂದು ಕೂತಿತು. ಎರಡನೆಯ ಕಂತು ಬಂದರೆ ಬಿಡಿಸಿಕೊಳ್ಳುವುದು, ಬರದಿದ್ದರೆ ಅದು ಬಂದ ದಾರಿಯಲ್ಲೇ ವಾಪಸ್ಸು.

ಕಂತಿನ ಗಡುವು ಹತ್ತಿರವಾದಾಗ ಶೇರಿನ ಬೆಲೆ ತುಸು ಇಳಿಯಿತು. ಇಳಿಯುವ ಶೇರಿಗೆ ಯಾರು ಮತ್ತೆ ದುಡ್ಡು ಸುರಿಯುತ್ತಾರೆ? ವಾಸುದೇವ ಹೆಂಡತಿ ಕೃಷ್ಣಾಬಾಯಿಯ ಚಿನ್ನದ ಪಾಟಲಿ ಬಳೆ ಮಾರಿ, ನೆಟ್ಟಗೆ ಕಟ್ಟೆಗೆ ಹೋಗಿ, ದಲಾಲ ಪಾರಿಸನ ವಲ್ಲಿಯ ಕೆಳಗೆ ಕೈಯಿಟ್ಟು, ಬೆಲೆ ಇನ್ನೂ ಬೀಳದಿರಲೆಂದು, ತನ್ನ ಕಂಪನಿಯ ಶೇರುಗಳನ್ನು ತಾನೇ ಕೊಂಡ.

ಎಂಥ ಕೆಲಸ ಮಾಡಿದ ಪುಣ್ಯಾತ್ಮ! ಮಾಲಿನ ಧಣಿ ಯಾವತ್ತೂ ದೂರ ನಿಲ್ಲುತ್ತಾನೆ. ಅವನೇ ವಲ್ಲಿಯ ಕೆಳಗೆ ಕೈಯಿಟ್ಟರೆ, ಸಿಕ್ಕಷ್ಟಕ್ಕೆ ಮಾರಿ ಓಡುತ್ತಿದ್ದಾನೆ ಎಂದೇ ಪೇಟೆಯ ಲೆಕ್ಕ. ಇದನ್ನು ಅವನು ಚಿಕ್ಕಂದಿನಿಂದ ಕಂಡವನು. ಶೇರೆಂದರೆ ಕಾಗದ, ಅದಕ್ಕೆ ಅರಿಶಿನದ ರೂಢಿ ಎಲ್ಲಿಯದು ಎಂದು ಆ ಗಳಿಗೆಯಲ್ಲಿ ಅನ್ನಿಸಿತು, ಅಷ್ಟೇ. ಸಂಜೆಯೊಳಗೆ "ಮಾಲಕನೇ ಶೇರು ಮಾರಿಬಿಟ್ಟಾನಂತ" ಎಂಬ ಸುದ್ದಿ ಮಿರಜ ಮುಟ್ಟಿತ್ತು. ಮರುದಿನ ಆ ಶೇರನ್ನು ಮೂಸುವವರಿಲ್ಲ. ಕೊಂಡ ಕಾಗದಗಳನ್ನು ತೋರಿಸಿದರೆ, ಮಾರದೆ ಉಳಿದವು ಇವು ಎಂದು ನಕ್ಕರು. ಕಂತು ಕಟ್ಟಲು ಒಬ್ಬನೂ ಬರಲಿಲ್ಲ.

ಅವನು ಪಾರಿಸನ ಅಂಗಡಿಗೆ ಓಡಿದ. "ಪಾರಿಸಣ್ಣಾ, ನಾ ಕೊಂಡೇನಿ ಅನ್ನೂದು ನಿಮಗ ಗೊತ್ತದ. ಮಂದಿ ಮುಂದ ಒಂದ ಮಾತು ಹೇಳ್ರಿ. ನಿಮ್ಮ ಕಾಲು ಹಿಡೀತೇನಿ."

ಪಾರಿಸ ಕೆಟ್ಟವನಲ್ಲ. ಕಣ್ಣೊರೆಸಿಕೊಂಡೇ ಹೇಳಿದ: "ವಲ್ಲಿ ಬುಡಕಿನ ಮಾತು ಇವತ್ತ ಹೊರಗ ಆಡಿದರ, ನಾಳೆ ನನಗ ಯಾರು ಕೈ ಕೊಡತಾರ, ವಾಸುದೇವರಾವ? ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಗಡುವು ಮುಗಿಯಿತು. ಮಿರಜದಲ್ಲಿ ಹಮಾಲರು ಇಂಜಿನ್ನನ್ನು ಮತ್ತೆ ವ್ಯಾಗನ್ನಿಗೆ ಏರಿಸುವುದನ್ನು ವಾಸುದೇವ ನಿಂತು ನೋಡಿದ. ಬದುಕಿಗೆ ಇನ್ನು ಅರ್ಥವಿಲ್ಲ ಅನ್ನಿಸಿತು. ಅಳು ಕೂಡ ಬರಲಿಲ್ಲ. ಊರೆಲ್ಲ ಕಳ್ಳನೆಂದರೂ ತನ್ನನ್ನು ಬಲ್ಲ ಒಂದು ಜೀವ ಮನೆಯಲ್ಲಿದೆಯಲ್ಲ ಎಂಬುದೊಂದೇ ಅವನನ್ನು ಸಾಂಗಲಿಯವರೆಗೆ ನಡೆಸಿಕೊಂಡು ಬಂದಿತು.

"ಇಂಜಿನ್ ಹೋತು," ಎಂದ.

ಕೃಷ್ಣಾಬಾಯಿ ಕುಡಿಯಲು ನೀರು ಕೊಟ್ಟಳು. ಬಾಗಿಲು ಮುಚ್ಚಿ ಹತ್ತಿರ ಕೂತಳು.

"ಹೋದರ ಹೋಗಲಿ ಬಿಡ್ರಿ. ಮಂದಿಗೆ ನೀವು ಏನರೆ ಹೇಳ್ರಿ, ನನ್ನ ಮುಂದ ಖರೇ ಹೇಳ್ರಿ," ಎಂದು ದನಿ ತಗ್ಗಿಸಿದಳು. "ಮಾರಿದ ರೊಕ್ಕ ಎಲ್ಲಿಟ್ಟೀರಿ?"