ಐದರ ಗೆರೆ

ನಾನು ಒಂದು ಪ್ಲಾಸ್ಟಿಕ್ ಮುಚ್ಚಳ. ಜ್ವರದ ಸಿರಪ್ ಬಾಟಲಿಯನ್ನು ಮುಚ್ಚುವುದು, ಔಷಧಿ ಅಳೆದು ಕೊಡುವುದು, ಎರಡೂ ನನ್ನದೇ ಕೆಲಸ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಬೀಳುವಾಗಲೇ ನನ್ನ ಹೊಟ್ಟೆಯಲ್ಲಿ ಐದು ಮಿಲಿಲೀಟರಿನ ಗೆರೆ ಇತ್ತು. ಆ ಗೆರೆಯ ಬಗ್ಗೆ ನನಗೆ ಎಲ್ಲಿಲ್ಲದ ಜಂಬ.

ಬೆಟಗೇರಿಯ ನೀಲವ್ವನ ಮನೆಗೆ ಬಂದಾಗ ಅವಳ ಮೊಮ್ಮಗಳು ಅಕ್ಷತಾಗೆ ಮೂರು ವರ್ಷ. ಜ್ವರ ಬಂದರೆ ಒಂದು ಮುಚ್ಚಳ ಸಿರಪ್. ಹುಡುಗಿ ಮುಖ ಕಿವುಚಿ ಕುಡಿದು, ಸಂಜೆಗೆ ಆಡಲು ಓಡುತ್ತಿದ್ದಳು. ಬಾಟಲಿ ತೀರಿದರೂ ನೀಲವ್ವ ನನ್ನನ್ನು ಎಸೆಯಲಿಲ್ಲ, ತೊಳೆದು ಗೂಡಿನಲ್ಲಿಟ್ಟಳು.

ಎರಡು ವರ್ಷದ ಮೇಲೆ ಆರು ತಿಂಗಳ ಮೊಮ್ಮಗ ಮೌನೇಶನಿಗೆ ಜ್ವರ ಬಂತು. ಡಾಕ್ಟರು ಬರೆದದ್ದು ಸಿರಪ್ ಅಲ್ಲ, ಹನಿ ಔಷಧಿ. ಪುಟ್ಟ ಬಾಟಲಿ, ಜೊತೆಗೊಂದು ಡ್ರಾಪರ್. ಸೊಸೆ ಕೆಲಸಕ್ಕೆ ಹೋದ ಮೇಲೆ ಡ್ರಾಪರಿನ ರಬ್ಬರ್ ಹರಿಯಿತು. ನೀಲವ್ವನಿಗೆ ನಾನು ನೆನಪಾದೆ.

"ಅದಽ ಜ್ವರದ ಔಷಧ, ಅದಽ ಮುಚ್ಚಳ. ಕುಡಿ ನನ್ನಪ್ಪಾ," ಅಂದಳು.

ಬಣ್ಣ ಅದೇ, ಹಣ್ಣಿನ ವಾಸನೆಯೂ ಅದೇ. ನನ್ನೊಳಗೆ ಎಷ್ಟು ಬಿತ್ತೆಂದು ನನಗೆ ಗೊತ್ತಾಗುತ್ತದೆ, ಎಷ್ಟು ಗಟ್ಟಿ ಎಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಸಲವೂ ಗೆರೆಯವರೆಗೆ ತುಂಬಿಕೊಂಡೆ. ಬಾಟಲಿ ಬರಿದಾಯಿತು. ಮಗು ಅಳುವುದನ್ನು ನಿಲ್ಲಿಸಿತು. ಗುಣವಾಯಿತು ಎಂದುಕೊಂಡೆವು.

ಮರುದಿನ ಮಗು ಹಾಲು ಕಕ್ಕಿತು, ಕಣ್ಣೇ ತೆರೆಯಲೊಲ್ಲದು. ನೀಲವ್ವ ಬಾಟಲಿಯನ್ನೂ ನನ್ನನ್ನೂ ಸೆರಗಿಗೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಔಷಧಿ ಅಂಗಡಿಗೆ ಓಡಿದಳು.

"ಅವ್ವಾರ, ಇದನ್ನ ಮೊನ್ನೆ ಸಂಜಿಗೆ ಒಯ್ದೀರಿ. ಇಷ್ಟ್ ಲಗೂ ಹೆಂಗ ತೀರ್ತು?" ಅಂದ ಅಂಗಡಿಯ ಮಾಲೀಕ ಕುಬಸದ.

"ಮೂರು ಮುಚ್ಚಳಕ್ಕ ತೀರ್ತು ನೋಡಪಾ."

ಕುಬಸದ ಪೆನ್ನು ತೆಗೆದ. ಔಷಧಿಯ ಕವರಿನ ಮೇಲೆ ಬರೆದ: ಸಿರಪ್, ಒಂದು ಮಿಲಿಲೀಟರಿಗೆ ಇಪ್ಪತ್ತೈದು ಮಿಲಿಗ್ರಾಂ. ಹನಿ ಔಷಧಿ, ಒಂದು ಮಿಲಿಲೀಟರಿಗೆ ನೂರು.

"ಇದು ನಾಕು ಪಟ್ಟು ಗಟ್ಟಿ ಐತ್ರಿ. ಒಂದು ಮುಚ್ಚಳಕ್ಕ ಐನೂರು. ಅಂದ್ರ ದೊಡ್ಡವರು ನುಂಗೋ ಒಂದು ಗುಳಗಿ. ಕೂಸಿಗೆ ಅಂಥಾವು ಮೂರು ಕೊಟ್ಟೀರಿ. ಈಗಿಂದೀಗ ದವಾಖಾನಿಗೆ ನಡೀರಿ."

ಲಿವರ್‌ಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ನಾಲ್ಕು ದಿನ ನೀಲವ್ವ ಅನ್ನ ಮುಟ್ಟಲಿಲ್ಲ. ಐದನೆಯ ದಿನ ಮಗು ಹಾಲು ಕುಡಿಯಿತು.

ಈಗ ನನಗೆ ವಯಸ್ಸಾಗಿದೆ. ಗೆರೆ ಮಾತ್ರ ಅಳಿಸಿಲ್ಲ, ಅಳಿಸಿದ್ದರೆ ಚೆನ್ನಾಗಿತ್ತು. ಇವತ್ತು ಪಕ್ಕದ ಮನೆಯ ಶಾಂತವ್ವ ಬಂದಳು. "ನಿಮ್ಮಲ್ಲಿ ಔಷಧದ ಮುಚ್ಚಳ ಐತೆಲ್ಲಾ, ಕೊಡ್ರಿ. ನಮ್ಮ ಕೂಸಿನ ಮೈ ಸುಡಾಕತ್ತೈತಿ."

ನೀಲವ್ವ ಗೂಡಿಗೆ ಕೈ ಹಾಕಿ ನನ್ನನ್ನು ತೆಗೆದಳು, ಕೊಡಲಿಲ್ಲ.

"ಮೊದಲ ಬಾಟ್ಲಿ ತೊಗೊಂಡು ಬಾ. ಕುಬಸದಗ ತೋರಿಸೂಣು."

ಶಾಂತವ್ವ ಹೋಗಿ ಬಹಳ ಹೊತ್ತಾಯಿತು. ಮುಚ್ಚಳ ಸಿಗದಿದ್ದರೆ ಅಳೆಯಲು ಅವಳ ಮನೆಯಲ್ಲಿ ಚಮಚಗಳೂ ಇವೆ. ಗೋಡೆಯಾಚೆಯಿಂದ ಕೇಳುತ್ತಿದ್ದ ಆ ಕೂಸಿನ ಅಳು ಈಗ ತಾನೇ ನಿಂತಿದೆ, ನೀಲವ್ವ ಬರಿಗಾಲಲ್ಲೇ ಅತ್ತ ಓಡುತ್ತಿದ್ದಾಳೆ.