ಕ್ಯಾಮೆರಾ ಕೆಳಗಿನ ಬಿತ್ತನೆಕಾಳು

ಮೋಡ ಕಟ್ಟಿದ್ದ ಬೆಳಗ್ಗೆ ಚೆರೊನೊ ಸ್ಟೂಲಿನ ಮೇಲೆ ಹತ್ತಿ, ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿ ಹಳದಿ ಕ್ಯಾನನ್ನು ಎಳೆದಳು. ಎಳೆಯುವಾಗಲೇ ಕೈಗೆ ಗೊತ್ತಾಯಿತು. ಭಾರವಿರಬೇಕಾದ ಕ್ಯಾನು ಹಗುರವಾಗಿ ಎದೆಗೆ ಬಂದು ಬಡಿಯಿತು. ಮುಚ್ಚಳ ತೆಗೆದು ಬಗ್ಗಿಸಿದಳು. ಒಂದಿಷ್ಟು ಬೂದಿ ಸುರಿಯಿತು, ಜೊತೆಗೆ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕಾರು ಕಾಳು.

"ಅಪ್ಪ ತಗೊಂಡ್ ಹೋದ್ರು," ಎಂದಳು ಮಗಳು ಜೆರುತೊ, ಶಾಲೆಯ ಸಾಕ್ಸ್ ಎಳೆದುಕೊಳ್ಳುತ್ತಾ. "ಕ್ಯಾಮೆರಾ ಚೀಲಕ್ಕೆ."

ಚೆರೊನೊ ಸ್ಟೂಲಿನಿಂದ ಇಳಿದಳು. ಮಗಳ ತಲೆ ಬಾಚಿ, ಚಾಯ್ ಕೊಟ್ಟು, ರಸ್ತೆಯವರೆಗೆ ಬಿಟ್ಟು ಬಂದಳು. ಸಿಟ್ಟು ಎಷ್ಟೇ ಬಂದರೂ ಅವಳು ಅದನ್ನು ಮಕ್ಕಳ ಮೇಲೆ ಚೆಲ್ಲುವವಳಲ್ಲ. ಬಾಗಿಲು ಹಾಕಿಕೊಂಡ ಮೇಲೆ ಗಂಡನಿಗೆ ಫೋನು ಹಚ್ಚಿದಳು.

"ಜೆರುತೊ ಅಪ್ಪ, ಕ್ಯಾನಲ್ಲಿದ್ದ ಕಾಳು ಎಲ್ಲಿ?"

"ಯಾವ ಕಾಳು?"

"ನಮ್ಮನೇಲಿ ಎಷ್ಟು ಕ್ಯಾನಿದೆ?"

ಆ ಕಡೆ ತೊವೆಟ್ ಗಂಟಲು ಸರಿ ಮಾಡಿಕೊಂಡ. "ಓ, ಅದಾ. ಮೊನ್ನೆ ಬಂದಾಗ ತುಂಬ್ಕೊಂಡ್ ಬಂದೆ ಕಣೆ. ಮುಲೋಟ್‌ನಲ್ಲಿ ಒಂದಂಗಡೀನೂ ತೆಗೆದಿರ್ಲಿಲ್ಲ. ಪಾದ್ರಿ ತೀರ್ಕೊಂಡಿದ್ರಲ್ಲ, ಎಲ್ಲ ಮಣ್ಣಿಗೆ ಹೋಗಿದ್ರು. ಗೆಸ್ಟುಗಳು ಬಂದಿಳಿಯೋ ಹೊತ್ತಾಗಿತ್ತು. ಖಾಲಿ ಚೀಲ ಹಿಡ್ಕೊಂಡು ಹೋಗಿ ನಿಂತ್ಕೊಳ್ಲಾ?"

ಆ ಚೀಲ ಹೊಲಿದವಳು ಚೆರೊನೊಳೇ. ಮಾರಾ ಕಾಡಿನ ಕ್ಯಾಂಪಿಗೆ ಫೋಟೋ ತೆಗೆಯಲು ಬರುವವರು ಪುಟ್ಟ ವಿಮಾನದಲ್ಲಿ ಬರುತ್ತಾರೆ. ವಿಮಾನದವರು ಸಾಮಾನನ್ನೆಲ್ಲ ತಕ್ಕಡಿಗೆ ಹಾಕುತ್ತಾರೆ, ಆದ್ದರಿಂದ ಕ್ಯಾಮೆರಾ, ಲೆನ್ಸು ಬಿಟ್ಟು ಬೇರೆ ಭಾರ ತರುವಂತಿಲ್ಲ. ಜೀಪಿನ ಛಾವಣಿಯ ಅಂಚಿನಲ್ಲಿ ತೊಡೆಗಾತ್ರದ ಲೆನ್ಸು ಅಲುಗಾಡದೆ ಕೂರಲು ಕೆಳಗೊಂದು ಮೆತ್ತೆ ಬೇಕು. ಅದಕ್ಕೆ ಚೆರೊನೊ ಟೆಂಟಿನ ಬಟ್ಟೆಯಲ್ಲಿ ಎರಡು ಹೊಲಿಗೆ ಹಾಕಿ ಚೀಲ ಹೊಲಿದುಕೊಡುತ್ತಾಳೆ. ತೊವೆಟ್‌ನಂಥ ಜೀಪು ಡ್ರೈವರುಗಳು ಊರಿನಲ್ಲೇ ಅಕ್ಕಿಯನ್ನೋ ಜೋಳವನ್ನೋ ಕಾಳನ್ನೋ ಕೊಂಡು ತುಂಬುತ್ತಾರೆ. ಗೆಸ್ಟುಗಳು ಹೊರಟ ಮೇಲೆ ಅದು ಕ್ಯಾಂಪಿನ ಅಡುಗೆಮನೆಗೆ ಹೋಗುತ್ತದೆ.

"ಅದು ಬಿತ್ತನೆ ಕಾಳು," ಎಂದಳು ಚೆರೊನೊ.

"ಗೊತ್ತು ಮಾರಾಯ್ತಿ. ಗೆಸ್ಟುಗಳು ಹೋದ ತಕ್ಷಣ ಅಂಗಡಿಯಿಂದ ಅಷ್ಟೇ ತೂಕದ್ದು ತಂದ್ಕೊಡ್ತೀನಿ. ಬೇಕಾದ್ರೆ ಒಂದು ಹಿಡಿ ಜಾಸ್ತೀನೇ."

"ಅಂಗಡೀಲಿ ಚುಕ್ಕೆಕಾಳು ಸಿಗತ್ತಾ?"

"ಕಾಳು ಕಾಳೇ ಅಲ್ವಾ. ಸರಿ, ಇಡ್ತೀನಿ, ಕರೀತಿದಾರೆ."

ಚೆರೊನೊ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಅದರ ಮುಖ ನೋಡುವುದೂ ಬೇಡವೆನಿಸಿತು.

ಚುಕ್ಕೆಕಾಳು ಅಂಗಡಿಯಲ್ಲಿ ಸಿಗುವುದಿಲ್ಲ. ಕೆಂಪು ಮೈಗೆ ಬಿಳಿ ಚುಕ್ಕೆ ಚಿಮುಕಿಸಿದಂಥ ಆ ಕಾಳನ್ನು ಅವಳಮ್ಮ ಮದುವೆಯಲ್ಲಿ ಒಂದು ಸೋರೆಬುರುಡೆ ತುಂಬ ಕೊಟ್ಟಿದ್ದಳು. ಮಳೆ ತಡವಾದರೂ ಬೇಗ ಕಾಯಿ ಕಟ್ಟುತ್ತದೆ, ಮಕ್ಕಳ ಹೊಟ್ಟೆಗೆ ಹಗುರ. ಅಮ್ಮನ ಊರಿನಲ್ಲಿ ಈಗ ಎಲ್ಲರೂ ಕಂಪನಿ ಬೀಜ ಹಾಕುತ್ತಾರೆ, ಅಮ್ಮನೂ ಇಲ್ಲ. ಹೋದ ವರ್ಷ ಆಲಿಕಲ್ಲು ಬಿದ್ದು ಬಳ್ಳಿಯೆಲ್ಲ ಚಿಂದಿಯಾದಾಗ, ಚೆರೊನೊ ಉಳಿದದ್ದನ್ನು ತಿನ್ನದೆ, ಮಕ್ಕಳಿಗೂ ಕೊಡದೆ, ಒಲೆಯ ಬೂದಿ ಹಚ್ಚಿ ಹುಳ ಬೀಳದಂತೆ ಆ ಕ್ಯಾನಿನಲ್ಲಿ ಮುಚ್ಚಿಟ್ಟಿದ್ದಳು. ಇದ್ದದ್ದು ಅಷ್ಟೇ.

ಗಂಡನಿಗೆ ಇದೆಲ್ಲ ಗೊತ್ತಿತ್ತು. ಬೂದಿ ಹಚ್ಚುವಾಗ ಪಕ್ಕದಲ್ಲೇ ಕೂತು ಚಾಯ್ ಕುಡಿದಿದ್ದ. ಗೊತ್ತಿಲ್ಲದವನು ಮಾಡಿದ್ದರೆ ಒಂದು ಮಾತು ಬೈದು ಸುಮ್ಮನಾಗಬಹುದಿತ್ತು.

ಅವಳು ಒಗೆಯಲು ನೆನೆಸಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಮುಲೋಟ್ ಸಂತೆಗೆ ನಡೆದಳು. ಅಂಗಡಿಯಲ್ಲಿ, ಗಂಡ ತುಂಬಿಕೊಂಡು ಹೋಗಿದ್ದ ಎರಡು ಕ್ಯಾಮೆರಾ ಚೀಲಕ್ಕಾಗುವಷ್ಟು ಒಣಜೋಳ ಕೊಂಡು ಹೆಗಲಿಗೇರಿಸಿದಳು. ಜೋಳ ಕೊಟ್ಟು ಕಾಳು ಬಿಡಿಸಿಕೊಳ್ಳಬೇಕು. ಗಂಡನ ಕೆಲಸಕ್ಕೂ ಕಲ್ಲು ಬೀಳಬಾರದು.

ಕ್ಯಾಂಪಿನ ಅಡುಗೆಯವನು ಮುಸೆಂಬಿ ಪಿಕಪ್ಪಿಗೆ ಎಲೆಕೋಸು ತುಂಬಿಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

"ಅಕ್ಕಾ, ನಿಮ್ಮನೆ ಕಾಳಿನ ರುಚಿ ಏನಕ್ಕ ಅದು. ಇಷ್ಟು ವರ್ಷ ಅಡುಗೆ ಮಾಡಿದೀನಿ, ಅಂಥದ್ದು ಬೇಯಿಸಿರ್ಲಿಲ್ಲ."

ಚೆರೊನೊ ಜೋಳದ ಚೀಲ ಕೆಳಗಿಟ್ಟಳು. "ಬೇಯಿಸಿದ್ಯಾ?"

"ನಿನ್ನೆ. ಅಯ್ಯೋ, ದೊಡ್ಡ ಕಥೆ. ಆ ಗೆಸ್ಟು ಹೆನ್ರಿಕ್ ಸಾಹೇಬ ಇದಾನಲ್ಲ, ಅವನ ಕ್ಯಾಮೆರಾಗೆ ನಮ್ಮ ಕೂಸಿಗಿಂತ ಜಾಸ್ತಿ ಉಪಚಾರ. ಕಾಡಿಂದ ಬಂದ ತಕ್ಷಣ ರಬ್ಬರ್ ಬುರುಡೆಲಿ ಗಾಳಿ ಊದ್ತಾನೆ, ಮೆತ್ತನೆ ಬ್ರಷ್ಷಲ್ಲಿ ಗುಡಿಸ್ತಾನೆ, ಒರೆಸ್ತಾನೆ, ಆಮೇಲೆ ಜಿಪ್ಪಿರೋ ಚೀಲದಲ್ಲಿ ಮಲಗಿಸ್ತಾನೆ. ನಿನ್ನೆ ನೋಡಿದ್ರೆ ಲೆನ್ಸ್ ತಿರುಗಿಸೋ ಸಂದೀಲೆಲ್ಲ ಬೂದು ಪುಡಿ. ಕೆರ್ಕೆರ್ ಅಂತಿತ್ತಂತೆ. ಅವನು ಕೂಗಿದ್ದು ನದಿ ಆಚೆ ಹಿಪ್ಪೋಗಳಿಗೂ ಕೇಳಿರ್ಬೇಕು. ಹುಡುಕಿದ್ರೆ ಮೆತ್ತೆ ಒಳಗಿಂದ ಬೂದಿ."

"ಆಮೇಲೆ?"

"ಒಂದು ಚೀಲ ಸುರಿದು ಕಾಳು ತೊಳೆದ್ವಿ. ತೊಳೆದಿಟ್ರೆ ಮೊಳಕೆ ಒಡೆಯತ್ತಲ್ಲ, ಅದಕ್ಕೆ ಜೋಳದ ಜೊತೆ ಸೇರಿಸಿ ಕೆಲಸದವರಿಗೆ ಬೇಯಿಸಿಬಿಟ್ಟೆ. ತೊವೆಟ್ ಎರಡು ಸಲ ಹಾಕಿಸ್ಕೊಂಡ."

ಚೆರೊನೊ ಅವನನ್ನೇ ದಿಟ್ಟಿಸಿದಳು. ಮುಸೆಂಬಿಯ ನಗು ತಾನಾಗಿಯೇ ಸಣ್ಣದಾಗುತ್ತಾ ಬಂತು.

"ಅಕ್ಕ, ಅದು ಬಿತ್ತನೇದಾ?"

"ಇನ್ನೊಂದು ಚೀಲ ಎಲ್ಲಿ?"

"ಜೀಪಲ್ಲಿ. ಬೂದಿ ಬರ್ದೇ ಇರ್ಲಿ ಅಂತ ಎರಡು ದಿಂಬಿನ ಕವರ್ ಹಾಕಿ ಕಟ್ಟಿದಾರೆ. ಅದರ ಮೇಲೇ ಈಗ ಲೆನ್ಸು." ಅವನು ತಾನೇ ಅವಳ ಜೋಳವನ್ನು ಎತ್ತಿ ಪಿಕಪ್ಪಿಗೆ ಹಾಕಿದ. "ಹತ್ತಿ. ಚಿರತೆ ಇರೋ ಮರದ ಹತ್ರದಿಂದ ಬರಲ್ಲ ಅಂತ ಗೆಸ್ಟುಗಳು ಅಲ್ಲೇ ಕೂತಿದಾರೆ. ಮಧ್ಯಾಹ್ನದ ಊಟ ನಾನೇ ಅಲ್ಲಿಗೆ ಒಯ್ದು ಕೊಡ್ಬೇಕು."

ದಾರಿಯುದ್ದಕ್ಕೂ ಮುಸೆಂಬಿ ಮಾತು ಹುಡುಕಿ ಹುಡುಕಿ ಸೋತ. ಆಕಾಶ ಸಿಯಾಪೆ ಬೆಟ್ಟದ ಮೇಲೆ ಕಪ್ಪಾಗಿ ಜೋತುಬಿದ್ದಿತ್ತು. ಊರಿನಲ್ಲಿ ಹೆಂಗಸರು ಈ ಹೊತ್ತಿಗೆ ಗುದ್ದಲಿ ಹಿಡಿದು ಹೊರಟಿರುತ್ತಾರೆ ಎಂದುಕೊಂಡಳು ಚೆರೊನೊ. ಎರಡು ಸಲ ಹಾಕಿಸ್ಕೊಂಡ. ಆ ಮಾತು ಪಿಕಪ್ಪಿನ ಪ್ರತಿ ಕುಲುಕಿಗೂ ಎದ್ದು ಬಂತು. ಬಾಯಿಗಿಡುವಾಗ ಚುಕ್ಕೆ ಕಾಣಲಿಲ್ಲವೇ ಅವನಿಗೆ?

ಜೀಪು ನದಿಯ ಹತ್ತಿರ ಒಂದು ಅತ್ತಿಮರದಿಂದ ಸ್ವಲ್ಪ ದೂರ ನಿಂತಿತ್ತು. ಛಾವಣಿ ಎತ್ತಿತ್ತು. ಅಲ್ಲಿಂದ ಮೂರು ತಲೆ, ಮೂರು ಲೆನ್ಸು ಹೊರಬಂದಿದ್ದವು. ಮರದ ಕೊಂಬೆಯಿಂದ ಬಾಲವೊಂದು ಹಗ್ಗದಂತೆ ಜೋತಿತ್ತು. ಮುಸೆಂಬಿ ಪಿಕಪ್ಪನ್ನು ಜೀಪಿನ ಹಿಂದಿನ ಬಾಗಿಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದ. ಅಲ್ಲಿ ನೆಲಕ್ಕೆ ಕಾಲಿಡುವಂತಿರಲಿಲ್ಲ. ಊಟದ ಡಬ್ಬಿಗಳ ಹಿಂದೆಯೇ ಜೋಳದ ಚೀಲ ಹೋಯಿತು, ಅದರ ಹಿಂದೆ ಚೆರೊನೊ ಹೋದಳು.

ತೊವೆಟ್ ಸ್ಟೇರಿಂಗ್ ಹಿಡಿದವನು ತಿರುಗಿ ನೋಡಿ ಬೆಚ್ಚಿಬಿದ್ದ.

"ನಿಂಗೆ ತಲೆ ಕೆಟ್ಟಿದ್ಯಾ? ಇದು ಬರೋ ಜಾಗಾನಾ?" ಅವನು ಪಿಸುಗುಟ್ಟಿದ.

ಅವಳೂ ಪಿಸುಮಾತಿನಲ್ಲೇ ಹೇಳಿದಳು. "ಜೋಳ ತಂದಿದೀನಿ. ಚೀಲ ಬದಲಾಯ್ಸಿ ಕೊಡು. ಹೋಗ್ತೀನಿ."

"ಈಗ ಆಗಲ್ಲ. ಚಿರತೆ ಇಳಿಯೋ ಹೊತ್ತು. ಮೆತ್ತೆ ಎಳೆದ್ರೆ ಸಾಹೇಬ ನನ್ನ ಕೊಂದೇ ಹಾಕ್ತಾನೆ."

"ಕಾಳು ಚೆನ್ನಾಗಿತ್ತಂತೆ."

ತೊವೆಟ್ ಮುಂದಕ್ಕೆ ತಿರುಗಿಕೊಂಡ. "ಸುರಿದುಬಿಟ್ಟಿದ್ರು ಕಣೆ. ತೊಳೆದೂ ಬಿಟ್ಟಿದ್ರು. ನಾನು ತಿನ್ನದೇ ಇದ್ದಿದ್ರೆ ವಾಪಸ್ ಬರ್ತಿತ್ತಾ?"

"ಎರಡನೇ ಸಲ ಹಾಕಿಸ್ಕೊಂಡಾಗ್ಲೂ ಹಾಗೇ ಅಂದ್ಕೊಂಡ್ಯಾ?"

ಮೇಲಿನಿಂದ ಹೆನ್ರಿಕ್ ಬಗ್ಗಿ ನೋಡಿದ. ಬಿಸಿಲಿಗೆ ಸುಟ್ಟ ಮೂಗು, ಕುತ್ತಿಗೆಗೆ ಧೂಳಿನ ಬಟ್ಟೆ. ಹರಕು ಸ್ವಾಹಿಲಿಯಲ್ಲಿ, "ಅಮ್ಮಾ, ದಯವಿಟ್ಟು ಸ್ವಲ್ಪ ಹೊತ್ತು," ಎಂದು ತುಟಿಯ ಮೇಲೆ ಬೆರಳಿಟ್ಟ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ತನ್ನ ಸಾಮಾನಿನ ಮೇಲೆ ಪ್ರಾಣ ಇಟ್ಟುಕೊಂಡವನು, ಅಷ್ಟೇ. ಅದು ಅವಳಿಗೆ ಅರ್ಥವಾಗುತ್ತಿತ್ತು.

ಅವಳು ಕೂತಳು. ತನ್ನ ಕೈಯ ಹೊಲಿಗೆ ದಿಂಬಿನ ಕವರಿನ ಸೆರಗಿನಿಂದ ಇಣುಕುತ್ತಿತ್ತು. ಲೆನ್ಸಿನ ಭಾರಕ್ಕೆ ಕಾಳು ಅತ್ತಿತ್ತ ಸರಿದು ಗುಳಿಯಾಗಿತ್ತು. ಚಿರತೆ ಆಕಳಿಸಿತು. ಮೂರು ಕ್ಯಾಮೆರಾಗಳೂ ಒಟ್ಟಿಗೆ ಕಟಕಟ ಎಂದವು. ಸೀಟಿನ ಮೇಲೆಲ್ಲ ಬಗೆಬಗೆಯ ಕವರುಗಳು, ತೇವ ಹೀರುವ ಪುಟ್ಟ ಪೊಟ್ಟಣಗಳು, ಒರೆಸುವ ಬಟ್ಟೆಗಳು ಹರಡಿದ್ದವು. ಒಂದು ಕಿತ್ತಳೆ ಬಣ್ಣದ ದಪ್ಪ ಚೀಲವೂ ಇತ್ತು, ಬಾಯಿ ಸುರುಳಿ ಸುತ್ತಿ ಕೊಕ್ಕೆ ಹಾಕಿದರೆ ಹೊಳೆಗೆ ಬಿದ್ದರೂ ನೀರು ಹೋಗದಂಥದ್ದು.

ಮಳೆ ಹೇಳಿ ಕೇಳಿ ಬರಲಿಲ್ಲ. ಮೊದಲು ದಪ್ಪ ಹನಿ ಛಾವಣಿಯ ತಗಡಿಗೆ ಕಲ್ಲಿನಂತೆ ಬಿತ್ತು, ಮರುಕ್ಷಣಕ್ಕೆ ಅತ್ತಿಮರವೇ ಕಾಣಲಿಲ್ಲ. ಜೀಪಿನೊಳಗೆ ಎಲ್ಲ ಕೈಗಳೂ ಒಮ್ಮೆಲೇ ಎದ್ದವು. ಲೆನ್ಸುಗಳು ಒಳಗೆ ಬಂದವು. ಅವಕ್ಕೆ ಟವಲು, ಕೋಟು, ಪ್ಲಾಸ್ಟಿಕ್ಕು ಸುತ್ತಿಕೊಂಡವು. ತೊವೆಟ್ ಹಾರಿ ಹಿಂದೆ ಬಂದು ತನ್ನ ಜಾಕೆಟ್ಟು ಕಳಚಿ ಹೆನ್ರಿಕ್‌ನ ಲೆನ್ಸಿಗೆ ಹೊದಿಸಿದ. ಆಮೇಲೆ ಛಾವಣಿ ಇಳಿಸಲು ಕೈ ಹಾಕಿದ.

ಮೆತ್ತೆ ಹೊರಗೇ ಇತ್ತು.

"ತೊವೆಟ್," ಎಂದಳು ಚೆರೊನೊ. ಮದುವೆಯಾದ ಮೇಲೆ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಕೈ ತೆಗಿ."

ಅವನ ಕೈ ಗಾಳಿಯಲ್ಲೇ ನಿಂತಿತು. ಅವಳು ಚಪ್ಪಲಿ ಕಾಲಲ್ಲೇ ಸೀಟು ಹತ್ತಿ, ಛಾವಣಿಯಿಂದ ಸೊಂಟದವರೆಗೆ ಹೊರಗೆ ಬಂದು, ಮೆತ್ತೆಯನ್ನು ತಬ್ಬಿ ಎಳೆದಳು. ನೀರು ಕುಡಿದ ದಿಂಬಿನ ಕವರು ಹೆಣದಷ್ಟು ಭಾರವಾಗಿತ್ತು. ಒಳಗೆ ಬಂದು ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕವರು ಸುಲಿದಳು, ಇನ್ನೊಂದು ಸುಲಿದಳು, ಟೆಂಟಿನ ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಒಂದು ಮೂಲೆ ತಣ್ಣಗಿತ್ತು. ಉಳಿದದ್ದಕ್ಕೆ ನೀರು ಇನ್ನೂ ಇಳಿದಿರಲಿಲ್ಲ.

ಅವಳು ಕಿತ್ತಳೆ ಚೀಲವನ್ನು ಎತ್ತಿಕೊಂಡು, ಅದರಲ್ಲಿದ್ದ ಬಟ್ಟೆ, ಬ್ರಷ್ಷು, ಗಾಜಿನ ಬಿಲ್ಲೆಗಳ ಡಬ್ಬಿಯನ್ನು ಒಂದೊಂದಾಗಿ ಸೀಟಿನ ಮೇಲಿಟ್ಟಳು. ಏನನ್ನೂ ಎಸೆಯಲಿಲ್ಲ. ಮೆತ್ತೆಯ ಜಿಪ್ಪು ತೆಗೆದು ಒಣಗಿಯೇ ಇದ್ದ ಕಾಳನ್ನು ಅದಕ್ಕೆ ಸುರಿದಳು. ಬೂದಿಯ ಹೊಗೆ ಎದ್ದಿತು. ಮೂವರು ಗೆಸ್ಟುಗಳೂ ತಮ್ಮ ಕ್ಯಾಮೆರಾಗಳನ್ನು ಎದೆಗೊತ್ತಿಕೊಂಡು ಹಿಂದೆ ಸರಿದರು.

"ಅದು ಸಾಹೇಬರ ಚೀಲ ಕಣೆ," ಎಂದ ತೊವೆಟ್. ಅವನ ಅಂಗಿ ತೊಯ್ದು ಮೈಗಂಟಿತ್ತು.

"ಅವರ ಚೀಲ ಅವರು ಕೇಳ್ಲಿ. ನನ್ನ ಕಾಳು ನಾನು ಕೇಳಿದ್ನಲ್ಲ, ಹಾಗೆ."

ಹೆನ್ರಿಕ್ ತೊವೆಟ್‌ನನ್ನು ಏನೋ ಕೇಳಿದ. ತೊವೆಟ್ ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ, ನಡುವೆ ಎರಡು ಸಲ ತಡವರಿಸಿದ. ಎಲ್ಲ ಹೇಳಿದನೋ, ತನಗೆ ಬೇಕಾದಷ್ಟೇ ಹೇಳಿದನೋ, ಅವಳಿಗೆ ಆ ಇಂಗ್ಲಿಷು ಪೂರ್ತಿ ತಿಳಿಯಲಿಲ್ಲ. ಹೆನ್ರಿಕ್ ತನ್ನ ಲೆನ್ಸಿಗೆ ಸುತ್ತಿದ್ದ ಒದ್ದೆ ಜಾಕೆಟ್ಟನ್ನು ಬಿಚ್ಚಿ ತೊವೆಟ್‌ಗೆ ವಾಪಸು ಕೊಟ್ಟ. ಆಮೇಲೆ ಚೆರೊನೊಳ ಹತ್ತಿರ ಬಗ್ಗಿ, ಕಿತ್ತಳೆ ಚೀಲದ ಬಾಯಿಯನ್ನು ಹೇಗೆ ಸುತ್ತಬೇಕು, ಒಳಗಿನ ಗಾಳಿಯನ್ನು ಹೇಗೆ ಒತ್ತಿ ತೆಗೆಯಬೇಕು, ಕೊಕ್ಕೆಯನ್ನು ಹೇಗೆ ಹಾಕಬೇಕು ಎಂದು ತೋರಿಸಿಕೊಟ್ಟ.

"ಜೋಳ ಅಲ್ಲಿದೆ," ಎಂದಳು ಅವಳು ಗಂಡನಿಗೆ, ಮುಸೆಂಬಿಯ ಪಿಕಪ್ಪಿಗೆ ಹತ್ತುವಾಗ. "ಮೆತ್ತೆ ಒಣಗಿಸಿ ತುಂಬು. ಜೋಳಕ್ಕೆ ಬೂದಿ ಹಚ್ಚಿಲ್ಲ."

ನೀರು ತಾಗಿದ್ದ ಮೂಲೆಯ ಕಾಳನ್ನು ಅವಳು ಬೇರೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅದನ್ನು ಹಾಗೇ ಇಟ್ಟರೆ ಮೊಳಕೆ ಒಡೆದುಬಿಡುತ್ತಿತ್ತು. ಮನೆ ಮುಟ್ಟಿದವಳೇ ಬಟ್ಟೆ ಬದಲಿಸದೆ, ಜೆರುತೊಳನ್ನು ಕರೆದುಕೊಂಡು, ಬೆಳಕಿರುವಾಗಲೇ ಅದನ್ನು ಮಣ್ಣಿಗೆ ಹಾಕಿದಳು. ಉಳಿದದ್ದನ್ನು ಮಾರನೆಯ ದಿನ ಬಿತ್ತಿದಳು. ಕಿತ್ತಳೆ ಚೀಲವನ್ನು ಒಗೆದು, ಮಗುಚಿ ಒಣಗಿಸಿ, ಮುಸೆಂಬಿಯ ಕೈಯಲ್ಲಿ ಕಳಿಸಿಕೊಟ್ಟಳು.

ಕಾಳು ಹೊಲದ ಅರ್ಧಕ್ಕಷ್ಟೇ ಸಾಕಾಯಿತು. ಇನ್ನರ್ಧದಲ್ಲಿ ಸಾಲು ಹೊಡೆದಿತ್ತು, ಗೊಬ್ಬರ ಬಿದ್ದಿತ್ತು, ಬೀಜವಿರಲಿಲ್ಲ.

ತೊವೆಟ್ ರಜೆಗೆ ಬಂದಾಗ ಒಂದು ಕಡೆ ಚುಕ್ಕೆಕಾಳಿನ ಬಳ್ಳಿ ಮೊಣಕಾಲೆತ್ತರ ಬಂದಿತ್ತು. ಇನ್ನೊಂದು ಕಡೆ ಕೆಂಪು ಮಣ್ಣು ಬೋಳಾಗಿ ಮಲಗಿತ್ತು. ಅವನು ಅಂಗಡಿಯಿಂದ ಒಂದು ಪೊಟ್ಟಣ ಹಿಡಿದುಕೊಂಡು ಬಂದಿದ್ದ.

"ಆ ಕಡೆ ಇದನ್ನ ಹಾಕೋಣ. ಇನ್ನೂ ಹೊತ್ತಾಗಿಲ್ಲ."

"ಬೇಡ."

"ಸುಮ್ನೆ ಖಾಲಿ ಬಿಡ್ತೀಯಾ? ಊರವರು ಏನಂತಾರೆ?"

"ಕೇಳ್ತಿದಾರೆ. ಜೆರುತೊ ಅಪ್ಪನ್ನ ಕೇಳಿ ಅಂತಿದೀನಿ."

ಅವನು ಬೇಲಿಯ ಹತ್ತಿರ ನಿಂತೇ ಇದ್ದ. "ಎಷ್ಟು ದಿನ ಕಣೆ ಈ ಸಿಟ್ಟು?"

"ಅದು ನೀನು ತಿಂದಿದ್ದು. ಹಾಗೇ ಇರ್ಲಿ. ಬಂದಾಗೆಲ್ಲ ಕಾಣ್ಲಿ." ಹಾಗೆಂದು ಅವಳು ಹಾಲು ಕಾಯಿಸಲು ಒಳಗೆ ಹೋದಳು. ಅಷ್ಟು ದಿನವೂ ಅವಳು ಆ ಖಾಲಿ ಸಾಲುಗಳಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಬೆಳೆಯಗೊಟ್ಟಿರಲಿಲ್ಲ. ಬಳ್ಳಿಯ ಕಡೆ ಕಳೆ ತೆಗೆದ ದಿನ ಬೋಳು ಕಡೆಯೂ ತೆಗೆದಿದ್ದಳು.

ಹಾಲು ಉಕ್ಕುವ ಹೊತ್ತಿಗೆ ಕಿಟಕಿಯಿಂದ ಕಣ್ಣು ಹಾಯಿಸಿದಳು. ತೊವೆಟ್ ಪೊಟ್ಟಣವನ್ನು ಬೇಲಿಗೂಟಕ್ಕೆ ಸಿಕ್ಕಿಸಿ, ಪ್ಯಾಂಟು ಮಡಚಿಕೊಂಡು, ಬೀಜವಿಲ್ಲದ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮೊನ್ನೆಯ ಮಳೆಗೆ ಹೊಸದಾಗಿ ಎದ್ದ ಕಳೆಯನ್ನು ಒಂದೊಂದೇ ಕಿತ್ತು ಹಾಕುತ್ತಿದ್ದ. ಯಾರೂ ಹೇಳಿರಲಿಲ್ಲ.

ಅವಳು ಚಾಯ್ ಸೋಸಿದಳು. ಅವನ ಲೋಟವನ್ನು ಮುಚ್ಚಿಟ್ಟಳು. ಕರೆಯಲಿಲ್ಲ.